ಆ ಮರಿ ಉಳೀತೇನೋ?

ಹಾಲು ಒಲೆಯ ಮೇಲಿಟ್ಟು ಬಂದು ಟೀವಿ ಮುಂದೆ ಕೂತೆ. ಮಾರ್ಕ್ ಲಿಫ್ಟಿನಿಂದ ಹೊರಬಂದು ಕಾರಿಡಾರಿನಲ್ಲಿ ನಡೆಯತೊಡಗಿದ. ಬಿಳಿ ಗೋಡೆ, ಬಿಳಿ ದೀಪ, ಒಂದು ತಿರುವು. ಮತ್ತೆ ಬಿಳಿ ಗೋಡೆ, ಇನ್ನೊಂದು ತಿರುವು. ಸೀದ ವಾಸನೆ ಮೂಗಿಗೆ ಬಡಿದು ಅಡುಗೆಮನೆಗೆ ಓಡಿ, ಒಲೆ ಒರೆಸಿ, ಅಮ್ಮನಿಂದ ಬೈಸಿಕೊಂಡು ವಾಪಸು ಬಂದರೂ ಆ ಪುಣ್ಯಾತ್ಮ ಇನ್ನೂ ಮೇಜು ಮುಟ್ಟಿರಲಿಲ್ಲ.

"ಇವನ ಆಫೀಸಿಗೆ ಬಸ್ಸಿಲ್ವೇನೋ?" ಅಂದಳು ಹಿಂದೆಯೇ ಬಂದ ಅಮ್ಮ.

ಅದು 'ಸೆವರೆನ್ಸ್' ಎಂಬ ಅಮೆರಿಕದ ಧಾರಾವಾಹಿ, 2022ರಲ್ಲಿ ಶುರುವಾದದ್ದು. ಕಲ್ಪನೆಯೇನೋ ಸೊಗಸು. ಮಿದುಳಿನಲ್ಲೊಂದು ಚಿಪ್ ಕೂರಿಸುತ್ತಾರೆ. ಲಿಫ್ಟಿನಲ್ಲಿ ಇಳಿದರೆ ಮನೆ ಮರೆತುಹೋಗುತ್ತದೆ, ಹತ್ತಿದರೆ ಆಫೀಸು. (ಚಿಪ್ಪಿಲ್ಲದೆಯೇ ಇದನ್ನು ಸಾಧಿಸಿದವರು ನನಗೆ ಗೊತ್ತು.) ಒಳಗೆ ಕೆಲಸವೆಂದರೆ, ಕಂಪ್ಯೂಟರಿನಲ್ಲಿ ಹರಿದಾಡುವ ಅಂಕಿಗಳಲ್ಲಿ ನೋಡಿದರೆ ಭಯವಾಗುವಂಥವನ್ನು ಆರಿಸಿ ಡಬ್ಬಿಗೆ ತುಂಬುವುದು. ಯಾಕೆ? ಅವರಿಗೂ ಗೊತ್ತಿಲ್ಲ, ಮೊದಲ ಸೀಸನ್ ಪೂರ್ತಿ ನಮಗೂ ಹೇಳುವುದಿಲ್ಲ. ಅಕ್ಕಿಯಲ್ಲಿ ಕಲ್ಲು ಆರಿಸಿದವರಿಗೆ ಕೊನೆಗೆ ಅನ್ನವಾದರೂ ಸಿಗುತ್ತದೆ.

ಅಮ್ಮನ ಸೀರಿಯಲ್ಲುಗಳನ್ನು ನಾನು ಕಂಡಾಪಟ್ಟೆ ಆಡಿಕೊಂಡವನು. ಅತ್ತೆ ಒಂದು ಮಾತಾಡಿದರೆ ಮನೆಮಂದಿಯ ಮುಖವನ್ನೆಲ್ಲ ಮೂರು ಮೂರು ಸಲ ತೋರಿಸುತ್ತಾರಲ್ಲ, ಅದನ್ನು. ಹಾಗಾಗಿ ಆಕಳಿಕೆ ಬಂದರೂ ಬಾಯಿ ಮುಚ್ಚಿಕೊಂಡೇ ಆಕಳಿಸಬೇಕಾಯಿತು.

ಐದನೆಯ ಕಂತಿನಲ್ಲಿ ಒಂದು ಬಾಗಿಲು ತೆರೆದರೆ, ಒಳಗೆ ಆಡಿನ ಮರಿಗಳು! ಬಾಟಲಿಯಲ್ಲಿ ಹಾಲು ಕುಡಿಸುತ್ತಿದ್ದವನೊಬ್ಬ, ಇವುಗಳಿಗಿನ್ನೂ ಸಮಯ ಬಂದಿಲ್ಲವೆಂದು ಗದರುತ್ತಾನೆ. ಅಷ್ಟೇ, ಮತ್ತೆ ಕಾರಿಡಾರು. ಕ್ಲೋನಿಂಗೋ, ಚಿಪ್ಪಿನ ಪ್ರಯೋಗವೋ ಎಂದು ನಾನು ಅರ್ಧ ರಾತ್ರಿ ತಲೆ ಕೆರೆದುಕೊಂಡೆ.

"ಇನ್ಯಾಕೋ ಮರಿ ಸಾಕ್ತಾರೆ? ಬಲಿಗೆ," ಅಂದಳು ಅಮ್ಮ, ಹೂ ಕಟ್ಟುತ್ತಲೇ.

"ಅಮ್ಮಾ, ಇದು ವಿಜ್ಞಾನದ ಕತೆ!"

2022ರ ಏಪ್ರಿಲ್ 8ರಂದು, ಸತ್ತಿದ್ದಾಳೆ ಅಂದುಕೊಂಡ ಹೆಂಡತಿ ಬದುಕಿದ್ದಾಳೆಂದು ಮಾರ್ಕ್ ಕೂಗುವ ಹೊತ್ತಿಗೆ ಮೊದಲ ಸೀಸನ್ ಮುಗಿಯಿತು. ಅಮ್ಮನ ಸೀರಿಯಲ್ಲಿನಲ್ಲಿ ಶುಕ್ರವಾರ ಕೂಗಿದರೆ ಸೋಮವಾರ ಉತ್ತರ ಸಿಗುತ್ತದೆ. ನನಗೆ ಸಿಕ್ಕಿದ್ದು 2025ರ ಜನವರಿ 17ಕ್ಕೆ. ನಡುವೆ ಹಾಲಿವುಡ್ಡಿನ ಬರಹಗಾರರೂ ನಟರೂ ಮುಷ್ಕರ ಹೂಡಿದ್ದರು. ಅದು ಹೊಟ್ಟೆಪಾಡಿನ ಮಾತು, ನನ್ನ ತಕರಾರಿಲ್ಲ. ಆದರೆ ಹೊಸ ಸೀಸನ್ ತೆರೆದದ್ದು ಹೇಗೆ ಗೊತ್ತೇ? ಲಿಫ್ಟಿನಿಂದ ಹೊರಬಂದ ಮಾರ್ಕ್ ಕಾರಿಡಾರಿನಲ್ಲಿ ಓಡತೊಡಗಿದ. ಸದ್ಯ, ನಡೆಯಲಿಲ್ಲ.

"ಮೂರು ಮಾರಮ್ಮನ ಹಬ್ಬ ಕಳೀತು, ಆ ಮರಿಗಳು ಇನ್ನೂ ಮರಿಗಳೇ ಏನೋ?" ಅಮ್ಮ ಮರೆತಿರಲಿಲ್ಲ.

ಆ ಸೀಸನ್ನಿನ ಕೊನೆಯ ಕಂತಿನಲ್ಲಿ ಒಬ್ಬಾಕೆ ಮರಿಯೊಂದನ್ನು ಕರೆತಂದಳು. ಯಾಕೆಂದರೆ, ಮಾರ್ಕನ ಹೆಂಡತಿ ಸತ್ತರೆ ಅವಳ ಆತ್ಮದ ಜೊತೆಗೆ ಹೋಗಲು. ಅಂದರೆ ಬಲಿ! ಹತ್ತೊಂಬತ್ತು ಕಂತು, ಮೂರು ವರ್ಷ ಕಾದು ನಾನು ತಿಳಿದುಕೊಂಡದ್ದನ್ನು ಅಮ್ಮ ಒಂದು ಮೊಳ ಹೂ ಕಟ್ಟುವುದರೊಳಗೆ ಹೇಳಿದ್ದಳು.

"ಮರಿ ಉಳೀತೇನೋ?"

"ಉಳೀತು."

"ಹಾಗಾದ್ರೆ ಇನ್ನೂ ಎಳೀತಾರೆ ಬಿಡು."

ಹೌದು, ಮೂರನೆಯ ಸೀಸನ್ ಬರುತ್ತದಂತೆ. ಇನ್ನೂ ನೋಡದವರು ಕತೆಯನ್ನೆಲ್ಲ ಹೇಳಿಬಿಟ್ಟೆನೆಂದು ನನ್ನ ಮೇಲೆ ಸಿಟ್ಟಾಗಬೇಡಿ. ನಿಮ್ಮ ಮನೆಯ ಹಾಲು ಉಳಿಸಿದ್ದೇನೆ.