ಕತ್ರಿಗುಪ್ಪೆಯ ಸಂಪ್ರದಾಯವಾದಿ: ಒಂದು ತಾತ್ವಿಕ ಮುಖಾಮುಖಿ

ಪ್ರಸ್ತುತ ಪ್ರಬಂಧವು ವಸಾಹತೋತ್ತರ ಬಡಾವಣಾ ಸಂಕಥನದ ಚೌಕಟ್ಟಿನೊಳಗೆ, ಕತ್ರಿಗುಪ್ಪೆ ವಾಟರ್ ಟ್ಯಾಂಕಿನಿಂದ ಕಾಮಾಕ್ಯ ಸ್ಟಾಪಿನವರೆಗಿನ ಮತದಾರನ ಅಸ್ಮಿತೆಯನ್ನು ಜನಮರುಳುವಾದದ ಯಜಮಾನಿಕೆಯೊಂದಿಗೆ ಮುಖಾಮುಖಿಯಾಗಿಸಿ, ಆತ ಯಾಕೆ ಹಾಗೆ ಓಟು ಹಾಕುತ್ತಾನೆಂಬುದನ್ನು ನಿರಚನೆಗೆ ಒಳಪಡಿಸುತ್ತದೆ. ಅರ್ಥವಾಗದವರು ಚಿಂತಿಸಬೇಕಿಲ್ಲ. ಇದನ್ನೇ ವಿಚಾರ ಸಂಕಿರಣವೊಂದರಲ್ಲಿ ಮುಕ್ಕಾಲು ಗಂಟೆ ಕೇಳಿದ ನಮಗೂ ಅರ್ಥವಾದದ್ದು, ಊಟಕ್ಕೆ ಬಿಸಿಬೇಳೆಬಾತ್ ಇದೆ ಎಂಬುದಷ್ಟೇ.

ಮೊದಲು ಕ್ಷೇತ್ರಪರಿಚಯ. ಕತ್ರಿಗುಪ್ಪೆಯನ್ನು ಒಳಗೊಂಡ ಬೆಂಗಳೂರು ದಕ್ಷಿಣವು 1977ರಲ್ಲಿ ಜನತಾ ಪಕ್ಷದ ಕೆ.ಎಸ್. ಹೆಗ್ಡೆಯವರನ್ನೂ 1989ರಲ್ಲಿ ಕಾಂಗ್ರೆಸ್ಸಿನ ಗುಂಡೂರಾಯರನ್ನೂ ಲೋಕಸಭೆಗೆ ಕಳಿಸಿತ್ತು. 1991ರಿಂದೀಚೆಗೆ ಕಮಲ ಬಿಟ್ಟು ಬೇರೆ ಹೂವು ಮುಡಿದಿಲ್ಲ. ಅನಂತಕುಮಾರ್ ಆರು ಸಲ ಗೆದ್ದರು. ದೇಶಕ್ಕೆಲ್ಲ ಆಧಾರ್ ಕೊಟ್ಟ ನಂದನ್ ನಿಲೇಕಣಿ 2014ರಲ್ಲಿ ಇಲ್ಲಿ ಸೋತರು. ಆದಕಾರಣ, ಎನ್ನುತ್ತಾರೆ ವಿದ್ವಾಂಸರು, ಇಲ್ಲಿನವರು ಸಂಪ್ರದಾಯವಾದಿಗಳು. ಅಷ್ಟು ಕಟ್ಟಾ ವಾದಿಗಳಾಗಿದ್ದರೆ ಬೂತಿಗಾದರೂ ಬರಬೇಕಿತ್ತಲ್ಲ? 2024ರ ಮತದಾನ ಶೇ. 53ರ ಆಸುಪಾಸು. ಅಂದು ಶುಕ್ರವಾರ. ಉಳಿದವರಲ್ಲಿ ಬಹಳಷ್ಟು ಜನರ ಸಿದ್ಧಾಂತ ಕೊಡಗಿನ ಹೋಂಸ್ಟೇಯಲ್ಲಿ ತಂಗಿತ್ತೆಂದು ನಮ್ಮ ಊಹೆ.

ಕತ್ರಿಗುಪ್ಪೆಯ ಸಂಪ್ರದಾಯವಾದಿಗಳಲ್ಲಿ ಐದು ವಿಧ.

(ಅ) ಪ್ರಾಭಾತಿಕ. ಪಾರ್ಕಿನ ಬೆಂಚುಗಳ ಮೇಲೆ ಬೆಳಗಿನ ಹೊತ್ತು ಕಾಣಸಿಗುತ್ತದೆ. ಲಕ್ಷಣ: ಮಂಕಿ ಕ್ಯಾಪು, ಸ್ವೆಟರು, ಪಿಂಚಣಿ. ಕೂಗು: "ಬಿಟ್ಟಿ ಭಾಗ್ಯ ಕೊಟ್ಟು ಜನಾನ ಸೋಮಾರಿ ಮಾಡಿಟ್ರು ಕಣ್ರೀ." ಈ ಜೀವಿ ಬಿಟ್ಟಿ ಕರೆಂಟಿನ ಗೃಹಜ್ಯೋತಿಗೆ ಸೇವಾಸಿಂಧುವಿನಲ್ಲಿ ಮೊದಲ ವಾರವೇ ಅರ್ಜಿ ಹಾಕಿದೆ. ಹಿಂದಿನ ವರ್ಷದ ಸರಾಸರಿ ಯೂನಿಟ್ಟಿನ ಮೇಲೆ ಶೇ. 10 ಮಾತ್ರ ಹೆಚ್ಚಿಗೆ ಮಾಫಿಯೆಂಬ ನಿಯಮ ಇದಕ್ಕೆ ಕಂಠಪಾಠ. ತಿಂಗಳ ಕೊನೆ ಬಂತೆಂದರೆ ಮೀಟರಿನ ಮುಂದೆ ಕನ್ನಡಕ ಏರಿಸಿ ನಿಂತು, "ಗೀಸರ್ ಆಫ್ ಮಾಡೇ, ಗೆರೆ ದಾಟತ್ತೆ" ಎಂದು ಒಳಗೆ ಕೂಗಿ ಹೇಳುತ್ತದೆ.

(ಆ) ಸವರ್ಣದೀರ್ಘ. ಅಪ್ಪನಿಗೆ ಬಿಡಿಎ ಕೊಟ್ಟ ಸೈಟನ್ನು ಬಿಲ್ಡರಿಗೆ ಒಪ್ಪಿಸಿ, ಸಂಪಿಗೆ ಮರ ಕಡಿಸಿ, ಎರಡು ಫ್ಲಾಟು ಪಡೆದು, ಬಾಲ್ಕನಿಯಲ್ಲಿ ಕೂತು "ಹಳೇ ಬೆಂಗಳೂರು ಹೋಗೇಬಿಡ್ತು" ಎನ್ನುವ ವರ್ಗ.

(ಇ) ಬಿಡಿ, ಮೂರನೆಯವರೂ ಮೊದಲನೆಯವರ ಅಳಿಯಂದಿರೇ.

ಸಂಪ್ರದಾಯವಾದದ ಮೂಲಪುರುಷ ಎಡ್ಮಂಡ್ ಬರ್ಕ್ 1790ರಲ್ಲಿ ಫ್ರೆಂಚ್ ಕ್ರಾಂತಿಯನ್ನು ಬೈದು ಬರೆದವನು. ಹಿರಿಯರು ಬಿಟ್ಟುಹೋದದ್ದನ್ನು ಹಾಳು ಮಾಡದೆ ಮುಂದಿನವರಿಗೆ ದಾಟಿಸಬೇಕೆಂಬುದು ಅವನ ವಾದದ ತಿರುಳು. ಹಾಗಾದರೆ ಹೊಸಕೆರೆಹಳ್ಳಿ ಕೆರೆಯ ಅಂಗಳಕ್ಕೆ ಮಣ್ಣು ಸುರಿದು ರಸ್ತೆ ಮಾಡಿದಾಗ ಬೀದಿಗಿಳಿಯಬೇಕಾದವರು ನಮ್ಮ ಪ್ರಾಭಾತಿಕರೇ. ಇಳಿದವರು ಬೆರಳೆಣಿಕೆಯಷ್ಟು ಪರಿಸರದವರು. ಬೆಂಚು ಅವರನ್ನು ಎಡಪಂಥೀಯರೆಂದು ಗುರುತಿಸಿತು.

ಇನ್ನು ಜನಮರುಳುವಾದ. 2022ರಲ್ಲಿ ಪ್ರಧಾನಿ ಮೋದಿ ಉಚಿತ ಕೊಡುಗೆಗಳನ್ನು 'ರೇವಡಿ' ಎಂದು ಹಂಗಿಸಿದರು. 2023ರ ಮೇ 1ರಂದು ಅವರದೇ ಪಕ್ಷ ಕರ್ನಾಟಕದ ಬಡವರಿಗೆ ದಿನಕ್ಕೆ ಅರ್ಧ ಲೀಟರ್ ನಂದಿನಿ ಹಾಲು, ಯುಗಾದಿ, ಗಣೇಶನ ಹಬ್ಬ, ದೀಪಾವಳಿಗೆ ಒಂದೊಂದು ಸಿಲಿಂಡರ್ ಎಂದು ಪ್ರಣಾಳಿಕೆ ಹೊರಡಿಸಿತು. ಅತ್ತ ಕಾಂಗ್ರೆಸ್ಸಿನ ಐದು ಗ್ಯಾರಂಟಿ. ಮೇ 6ರಂದು ಜೆ.ಪಿ. ನಗರದಿಂದ ಮಲ್ಲೇಶ್ವರಕ್ಕೆ ಮೋದಿಯವರ 26 ಕಿ.ಮೀ. ರೋಡ್ ಶೋ, ಹೂಮಳೆ. ಫಲಿತಾಂಶದ ದಿನ ಪಕ್ಕದ ಜಯನಗರದಲ್ಲಿ ಬಿಜೆಪಿ ಗೆದ್ದದ್ದು 16 ಮತಗಳಿಂದ. ಹೂವು ಎಷ್ಟು ಕೆ.ಜಿ. ಆಗಿತ್ತೋ.

ಬಿಟ್ಟಿಯ ಮಾತು ಬಂದದ್ದರಿಂದ ಪಾರಿಭಾಷಿಕ ಪದಗಳನ್ನು ಪಕ್ಕಕ್ಕಿಡುತ್ತೇವೆ. ಕಾವೇರಿ ನೂರು ಕಿಲೋಮೀಟರ್ ದೂರದಿಂದ, ಪಂಪಿನ ಮೇಲೆ ಪಂಪು ಹಾಕಿಸಿಕೊಂಡು, ಏದುಸಿರು ಬಿಡುತ್ತ ಏರಿ ನಮ್ಮ ಸಂಪಿನೊಳಗೆ ಬೀಳುತ್ತಾಳೆ. 2014ರಿಂದ 2025ರವರೆಗೆ, ಮನೆಬಳಕೆಯ ಮೊದಲ ಎಂಟು ಸಾವಿರ ಲೀಟರಿಗೆ ನಾವು ತೆತ್ತದ್ದು ಸಾವಿರಕ್ಕೆ ಏಳು ರೂಪಾಯಿ. ಲೀಟರಿಗೆ ಒಂದು ಪೈಸೆಯೂ ಇಲ್ಲ. ಆ ನೀರಲ್ಲಿ ಕಾರು ತೊಳೆಯುವವನನ್ನು ಯಾವ ಬೆಂಚೂ ಸೋಮಾರಿ ಎಂದದ್ದು ಕೇಳಿಲ್ಲ. ಅದೇ ನೀರಲ್ಲಿ ಮೂರು ಮನೆಯ ಪಾತ್ರೆ ತಿಕ್ಕಿ, ಸೊಂಟ ಹಿಡಿದುಕೊಂಡು ಬಸ್ ಹತ್ತುವ ಹೆಂಗಸು ಟಿಕೆಟ್ಟಿಗೆ ದುಡ್ಡು ಕೊಡಲಿಲ್ಲವೆಂದರೆ ದೇಶ ದಿವಾಳಿ! ನಮಗೆ ಬಂದದ್ದು ಹಕ್ಕು, ಅವಳಿಗೆ ಬಂದದ್ದು ಭಿಕ್ಷೆ. ಇದಕ್ಕೆ ಸಂಪ್ರದಾಯವಾದ ಎಂಬ ಗೌರವದ ಹೆಸರೇಕೆ? ಹೊಟ್ಟೆಕಿಚ್ಚು ಅಂದರೆ ಸಾಕು.

ಹಾಗೆಂದು ಬೆಂಚಿನವರನ್ನು ಮರುಳರೆಂದು ಬರೆದು ಬಡ್ತಿ ಪಡೆಯುವವರ ಕಡೆಗೂ ನಾವಿಲ್ಲ. ಯುಜಿಡಿ ಉಕ್ಕಿ ಹೊಲಸು ಗೇಟಿನೊಳಗೆ ಬಂದಾಗ ಆ ಮುದುಕರು ಯಾರಿಗೆ ಫೋನು ಮಾಡಬೇಕು? ಪಾಲಿಕೆಗೆ ಚುನಾವಣೆ ನಡೆದದ್ದು 2015ರ ಆಗಸ್ಟಿನಲ್ಲಿ. ಕಾರ್ಪೊರೇಟರುಗಳ ಅವಧಿ 2020ರ ಸೆಪ್ಟೆಂಬರಿಗೆ ಮುಗಿಯಿತು. ಆಮೇಲೆ ಐದು ವರ್ಷ ತುಂಬುವವರೆಗೂ ಮತ್ತೊಂದು ಚುನಾವಣೆ ಇಲ್ಲ. ಎಂಜಿನಿಯರು "ನೋಟ್ ಮಾಡ್ಕೊಂಡಿದೀನಿ ಸರ್" ಅನ್ನುತ್ತಾರೆ, ಆರು ತಿಂಗಳಿಗೆ ವರ್ಗವಾಗುತ್ತಾರೆ. ಬೈಯಲು ಕೈಗೆ ಸಿಗುವವನೊಬ್ಬನೂ ಇಲ್ಲದ ಬೀದಿಯಲ್ಲಿ, ಟೀವಿಯೊಳಗೆ ಕೈಬೀಸುವ ದಿಲ್ಲಿಯ ನಾಯಕನ ಮೇಲೆ ಪ್ರೀತಿ ಹುಟ್ಟದೆ ಇನ್ನೇನು ಹುಟ್ಟೀತು? ಚರಂಡಿ ಅವರ ಹೊಣೆಯಲ್ಲ, ಹಾಗಾಗಿ ಆ ಪ್ರೀತಿಗೆ ನಾತ ತಟ್ಟುವುದಿಲ್ಲ.

ಬಿಜೆಪಿ ಸರ್ಕಾರ ಇದ್ದಾಗ 198 ವಾರ್ಡು 243 ಆಯಿತು. ಕಾಂಗ್ರೆಸ್ ಬಂದ ಮೇಲೆ 225 ಆಯಿತು. 2025ರಲ್ಲಿ ಪಾಲಿಕೆಯೇ ಐದು ಹೋಳಾಯಿತು. ಗಡಿಗೆರೆ ಎಳೆಯುವ ಉತ್ಸಾಹದಲ್ಲಿ ಎರಡೂ ಪಕ್ಷಗಳ ನಡುವೆ ಸೈದ್ಧಾಂತಿಕ ಭಿನ್ನಮತ ನಮಗೆ ಕಾಣಲಿಲ್ಲ. ಹೆಚ್ಚಿನ ಸಂಶೋಧನೆಗೆ ಯೋಗ್ಯ ವಸ್ತು. ಅನುದಾನಕ್ಕೆ ಅರ್ಜಿ ಹಾಕೋಣವೆಂದರೆ, ವಾಸಸ್ಥಳದ ದೃಢೀಕರಣ ಪತ್ರಕ್ಕೆ ಕಾರ್ಪೊರೇಟರ ಸಹಿ ಬೇಕಂತೆ.