ಏಸಿ ಪಂಪ್ ಖಂಡನ, ವಿದ್ಯುತ್ ಪಂಪ್ ಮಂಡನ

ಕಾರ್ಬ್ಯುರೇಟರ್ ಯುಗದ ವಾಹನ ಮೀಮಾಂಸೆಯಲ್ಲಿ ತೀರದ ಪ್ರಶ್ನೆಯೊಂದಿದೆ: ಪೆಟ್ರೋಲು ಎಂಜಿನ್ನಿಗೆ ತಾನಾಗಿ ಬರಬೇಕೆ, ಅದನ್ನು ಎಳೆದು ತರಬೇಕೆ, ಇಲ್ಲ ಹಿಂದಿನಿಂದ ದಬ್ಬಬೇಕೆ? ತಾನಾಗಿ ಬರುವುದು ಮೋಟಾರ್ ಸೈಕಲ್ ಸಂಪ್ರದಾಯ. ಟ್ಯಾಂಕು ಮೇಲೆ, ಕಾರ್ಬ್ಯುರೇಟರ್ ಕೆಳಗೆ. ವಿವಾದವಿಲ್ಲ, ಹಾಗಾಗಿ ಪಂಡಿತರೂ ಇಲ್ಲ. ಕಾರಿನಲ್ಲಿ ಟ್ಯಾಂಕು ಹಿಂದೆ, ತಗ್ಗಿನಲ್ಲಿ. ಮತಭೇದ ಅಲ್ಲಿಂದ ಶುರು.

ಪೂರ್ವಪಕ್ಷ ಎಳೆಯುವವರದು. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳ ಎಂಜಿನ್ ಪಕ್ಕಕ್ಕೆ ಬೋಲ್ಟು ಬಿಗಿದು ಕೂತ, ಗ್ಯಾರೇಜಿನವರು ಏಸಿ ಪಂಪ್ ಎನ್ನುವ ಉಪಕರಣವೇ ಇವರ ಆರಾಧ್ಯ. ತಂಪುಗಾಳಿಗೂ ಇದಕ್ಕೂ ಸಂಬಂಧವಿಲ್ಲ. ಕ್ಯಾಮ್‌ಶಾಫ್ಟ್ ತಿರುಗಿದಾಗ ಒಂದು ಲಿವರ್ ಏರಿಳಿಯುತ್ತದೆ. ಲಿವರ್ ಡಯಾಫ್ರಮ್ಮನ್ನು ಎಳೆದರೆ ಪೆಟ್ರೋಲು ಒಳಗೆ, ಸ್ಪ್ರಿಂಗ್ ಅದನ್ನು ನೂಕಿದರೆ ಹೊರಗೆ. ವೈರಿಲ್ಲ, ಫ್ಯೂಸಿಲ್ಲ. ಎಂಜಿನ್ ಉಸಿರಾಡುವಷ್ಟು ಹೊತ್ತು ತಾನೂ ದುಡಿದು, ಅದು ನಿಂತಾಗ ತಾನೂ ನಿಲ್ಲುವ ಪರಮ ವಿಧೇಯ.

ಈ ಮತಕ್ಕೆ ಘಟ್ಟದಲ್ಲಿ ಗ್ರಹಚಾರ ಕಾದಿದೆ. ಮೇ ತಿಂಗಳ ಮಧ್ಯಾಹ್ನ ಪದ್ಮಿನಿಯೊಂದು ತುಂಬಿದ ಸಂಸಾರ ಹೊತ್ತು ಆಗುಂಬೆಯ ತಿರುವುಗಳನ್ನು ಏರುತ್ತದೆ ಎಂದಿಟ್ಟುಕೊಳ್ಳಿ. ಸಣ್ಣ ಗೇರು, ಜೋರು ಎಂಜಿನ್, ರೇಡಿಯೇಟರಿಗೆ ಗಾಳಿ ಕಡಿಮೆ. ಮೇಲೆ ಹತ್ತಿ ಚಹಾಕ್ಕೆ ನಿಲ್ಲಿಸಿದರೆ ಫ್ಯಾನೂ ನಿಂತು, ಬಾನೆಟ್ ಕೆಳಗಿನ ಕಾವೆಲ್ಲ ಪಂಪಿನೊಳಗಿನ ಪೆಟ್ರೋಲಿಗೆ ಏರುತ್ತದೆ. ಪೆಟ್ರೋಲಿನ ಹಗುರ ಅಂಶಗಳು 40 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲೇ ಕುದಿಯತೊಡಗುವಂಥವು. ಸಾಲದ್ದಕ್ಕೆ ಪಂಪು ಎಳೆಯುವಾಗ ಪೈಪಿನೊಳಗೆ ಒತ್ತಡ ಇಳಿಯುತ್ತದೆ. ಒತ್ತಡ ಇಳಿದರೆ ಕುದಿಬಿಂದುವೂ ಇಳಿಯುತ್ತದೆ. ಆಮೇಲೆ ಪಂಪು ಎಳೆಯುವುದು ಬರಿಯ ಆವಿಯನ್ನು. ಇದೇ ವೇಪರ್ ಲಾಕ್. ಪರಂಪರಾಗತ ಪ್ರಾಯಶ್ಚಿತ್ತ: ಪಂಪಿಗೆ ಒದ್ದೆ ಬಟ್ಟೆ ಸುತ್ತಿ, ಮೇಲೆ ನೀರು ಹನಿಸುತ್ತ ಕಾಯುವುದು. ಕ್ರಿಯೆ ಅಭಿಷೇಕದಂತೆ ಕಂಡರೂ ಫಲ ಕೊಡುವುದು ಭಕ್ತಿಯಲ್ಲ, ನೀರು ಆವಿಯಾಗುವಾಗ ಹೀರುವ ಶಾಖ.

ಉತ್ತರಪಕ್ಷ ಇಲ್ಲಿ ಗಂಟಲು ಸರಿಪಡಿಸಿಕೊಳ್ಳುತ್ತದೆ. ಪಂಪನ್ನು ಕುಲುಮೆಯ ಪಕ್ಕದಿಂದ ಎಬ್ಬಿಸಿ, ವಿದ್ಯುತ್ತಿನದನ್ನು ಟ್ಯಾಂಕಿನ ಬುಡದಲ್ಲಿ ಕೂರಿಸಿ. ಎಳೆಯುವ ದಾರಿ ಗೇಣುದ್ದ, ಉಳಿದದ್ದೆಲ್ಲ ದಬ್ಬುವುದೇ. ದಬ್ಬಿದ ಪೆಟ್ರೋಲಿನಲ್ಲಿ ಒತ್ತಡ ಹೆಚ್ಚು, ಅದು ಸುಲಭಕ್ಕೆ ಕುದಿಯದು. ವಿದ್ಯುತ್ ಪಂಪನ್ನು ಎಂಜಿನ್ ಪಕ್ಕದಲ್ಲೇ ನಿಲ್ಲಿಸುವವರು ಸಿದ್ಧಾಂತ ಓದದೆ ದೀಕ್ಷೆ ಪಡೆದವರು. ಅವರು ಹಳೆಯ ಕಾಯಿಲೆಗೆ ಹೊಸ ವೈರು ಜೋಡಿಸಿದ್ದಾರೆ, ಅಷ್ಟೆ.

ಪಾಷಂಡ ಮತವೊಂದೂ ಉಂಟು. ಗುಜರಿಯಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಎಂಪಿಎಫ್‌ಐ (ಫ್ಯುಯೆಲ್ ಇಂಜೆಕ್ಷನ್) ಕಾರಿನ ಪಂಪು ತಂದು ಕಟ್ಟುವುದು. ಕಾರ್ಬ್ಯುರೇಟರಿಗೆ ಬೇಕಾದ ಒತ್ತಡ ಸುಮಾರು 2ರಿಂದ 4 ಪಿಎಸ್‌ಐ. ಆ ಪಂಪು ಕೊಡುವುದು 40ರ ಮೇಲೆ. ಫ್ಲೋಟ್ ಚೇಂಬರಿನ ಬಾಗಿಲು ಕಾಯುವ ಪುಟ್ಟ ನೀಡಲ್ ವಾಲ್ವ್ ಇದನ್ನು ತಡೆಯಲಾರದೆ ಕೈಬಿಡುತ್ತದೆ, ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲು ಉಕ್ಕುತ್ತದೆ. ಮುಂದಿನ ಚರ್ಚೆ ಅಗ್ನಿಶಾಮಕ ದಳದವರ ಸಮ್ಮುಖದಲ್ಲಿ.

ಈಗ ಗಹನ ವಿಚಾರ. ತತ್ತ್ವವಾದದಲ್ಲಿ ಸ್ವತಂತ್ರ, ಅಸ್ವತಂತ್ರ ಎಂದು ತತ್ತ್ವ ಎರಡು. ಏಸಿ ಪಂಪು ಎರಡನೆಯ ಗುಂಪಿನದು. ವಿದ್ಯುತ್ ಪಂಪಿಗೋ ತಾನು ಸ್ವತಂತ್ರನೆಂಬ ಭ್ರಮೆ: ಕೀಲಿ ತಿರುಗಿದ್ದರೆ ಸಾಕು, ಎಂಜಿನ್ ನಿಂತಿರಲಿ, ಕಾರು ಮರಕ್ಕೆ ಗುದ್ದಿ ಪೈಪು ತುಂಡಾಗಿರಲಿ, ತನ್ನ ಪಾಡಿಗೆ ಪೆಟ್ರೋಲು ಸುರಿಯುತ್ತಿರುತ್ತದೆ. ಮಾರಿಸ್ ಮೈನರ್ ಕಾರಿನ ಎಸ್‌ಯು ಪಂಪು ಇನ್ನೊಂದು ಬಗೆಯ ಸ್ವೇಚ್ಛಾಚಾರಿ. ಟಿಕ್ ಟಿಕ್ ಎನ್ನುತ್ತಿದ್ದದ್ದು, ಪಾಯಿಂಟುಗಳು ಸವೆದಾಗ ಇದ್ದಕ್ಕಿದ್ದಂತೆ ಮೌನವ್ರತ ಹಿಡಿಯುತ್ತಿತ್ತು. ಚತುರೋಪಾಯಗಳಲ್ಲಿ ಅದಕ್ಕೆ ಗೊತ್ತಿದ್ದದ್ದು ದಂಡವೊಂದೇ. ಸ್ಪ್ಯಾನರಿನಲ್ಲಿ ಕುಟ್ಟಿದರೆ ಮತ್ತೆ ಟಿಕ್ ಟಿಕ್.

ಆದ್ದರಿಂದ ಜೋಡಣೆಯ ಕೆಲಸ ಮುಕ್ಕಾಲು ಪಾಲು ಈ ಅಹಂಕಾರ ಇಳಿಸುವುದೇ. ಪಂಪಿಗೆ ಕರೆಂಟು ಫ್ಯೂಸು, ರಿಲೇ ದಾಟಿಯೇ ಹೋಗಬೇಕು. ರಿಲೇಗೆ ಅಪ್ಪಣೆ ಕೊಡಬೇಕಾದದ್ದು ಆಯಿಲ್ ಪ್ರೆಷರ್ ಸ್ವಿಚ್: ಎಂಜಿನ್ ನಿಂತರೆ ಆಯಿಲ್ ಒತ್ತಡ ಇಳಿಯುತ್ತದೆ, ಪಂಪೂ ಸುಮ್ಮನಾಗುತ್ತದೆ. ಆಗ ಸೂಕ್ಷ್ಮಬುದ್ಧಿಯ ಶಿಷ್ಯನೊಬ್ಬ ಕೇಳುತ್ತಾನೆ, ‘ಗುರುಗಳೇ, ಆಯಿಲ್ ಒತ್ತಡಕ್ಕೆ ಎಂಜಿನ್ ಓಡಬೇಕು, ಎಂಜಿನ್ ಓಡಲು ಪೆಟ್ರೋಲು ಬೇಕು, ಪೆಟ್ರೋಲಿಗೆ ಆಯಿಲ್ ಒತ್ತಡ ಬೇಕು. ಇದು ಚಕ್ರಕ ದೋಷವಲ್ಲವೇ?’ ಹೌದು. ಪರಿಹಾರವಾಗಿ, ಸ್ಟಾರ್ಟರ್ ತಿರುಗುವಷ್ಟು ಹೊತ್ತು ಪಂಪಿಗೆ ಬೇರೆ ದಾರಿಯಿಂದ ಕರೆಂಟು ಕೊಡುತ್ತಾರೆ. ಡಿಕ್ಕಿಯಾದಾಗ ಕರೆಂಟು ಕಡಿಯುವ ಇನರ್ಷಿಯಾ ಸ್ವಿಚ್ಚೂ ಇದ್ದರೆ ಮತ ಸಂಪೂರ್ಣ.

ಉಳಿದದ್ದು ಕರ್ಮಕಾಂಡ. ಪಂಪಿಗೆ ಮೊದಲು ಫಿಲ್ಟರ್, ಕೆಳಗೆ ರಬ್ಬರ್ ಬುಷ್, ಅರ್ಥಿಂಗ್‌ಗೆ ಬಣ್ಣ ಕೆರೆದ ಲೋಹ. ಎಥೆನಾಲ್ ಬೆರೆತ ಈಗಿನ ಪೆಟ್ರೋಲಿಗೆ ಹಳೆಯ ರಬ್ಬರು ತಾಳದಿರಬಹುದಾದ್ದರಿಂದ ಹೊಸ ಹೋಸು.

ಏಸಿ ಪಂಪನ್ನು ಅಲ್ಲೇ ಬಿಟ್ಟು ಅದರ ಮೂಲಕವೇ ದಬ್ಬುವ ಸಮನ್ವಯವಾದಿಗಳಿಗೆ ಒಂದು ಎಚ್ಚರಿಕೆ: ಅದರ ಡಯಾಫ್ರಮ್ ಹರಿದರೆ ಪೆಟ್ರೋಲು ನೇರ ಎಂಜಿನ್ ಆಯಿಲಿಗೆ ಇಳಿಯುತ್ತದೆ. ಅದನ್ನು ಬಿಚ್ಚಿ ತೆಗೆದು, ಬಾಯಿಗೆ ಗ್ಯಾಸ್ಕೆಟ್ ಇಟ್ಟು ತಗಡು ಮುಚ್ಚುವುದೇ ಶಾಸ್ತ್ರಸಮ್ಮತ. ಕೊನೆಯ ಪರೀಕ್ಷೆ: ಎಂಜಿನ್ ಓಡುತ್ತಿರುವಾಗ ಇಗ್ನಿಷನ್ ಕಾಯಿಲ್‌ನ ನಡುವಿನ ವೈರು ಕಿತ್ತು ಎಂಜಿನ್ ನಿಲ್ಲಿಸುವ ಸಾಹಸ ಬೇಡ, ಗೇರಿನಲ್ಲಿ, ಬ್ರೇಕ್ ಹಿಡಿದು, ಕ್ಲಚ್ ಬಿಟ್ಟು ಎಂಜಿನ್ ಬಂದ್ ಬೀಳಿಸಬೇಕು. ಕೀಲಿ ಹಾಗೇ ಇರಲಿ. ಕೆಲವು ಸೆಕೆಂಡಿನೊಳಗೆ ಹಿಂದಿನ ಪಂಪಿನ ಗುರುಗುರು ನಿಲ್ಲದಿದ್ದರೆ ರಿಲೇ ವೈರಿಂಗ್ ಮತ್ತೆ ಮೊದಲಿನಿಂದ.