ನರಿಕೊಂಬು ರೀಲು ಮೀಮಾಂಸೆ

ಶಾಸ್ತ್ರ ಬರೆಯಹೊರಟವನು ಮೊದಲಿಗೆ ವಿಷಯ, ಸಂಬಂಧ, ಪ್ರಯೋಜನ, ಅಧಿಕಾರಿ ಎಂಬ ನಾಲ್ಕನ್ನು ಹೇಳಿಬಿಡಬೇಕೆಂದು ಹಿರಿಯರ ಕಟ್ಟಳೆ. ವಿಷಯ: ರೀಲು ಹಾಕಿ ಫೋಟೋ ತೆಗೆಯುವ ಹುಚ್ಚಿನವರು ನರಿಕೊಂಬಿನಲ್ಲಿ ತಿಂಗಳಿಗೊಮ್ಮೆ ಸೇರತಕ್ಕದ್ದು. ಸಂಬಂಧ: ಊರಲ್ಲಿ ಹೇಗೂ ಎಲ್ಲರೂ ನೆಂಟರೇ. ಪ್ರಯೋಜನ: ಇಲ್ಲ.

ಅಧಿಕಾರಿ ಯಾರು? ಕ್ಯಾಮೆರಾ ಉಳ್ಳವನು ಎಂದರೆ ಅತಿವ್ಯಾಪ್ತಿ ದೋಷ, ಮೊಬೈಲಿನವರೆಲ್ಲ ನುಗ್ಗುತ್ತಾರೆ. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸಿನ ‘ಇಂದು’ ರೀಲು ಬಳಸಿದವನು ಎಂದರೆ ಅವ್ಯಾಪ್ತಿ. ಕಾರ್ಖಾನೆಯೇ ಮುಚ್ಚಿದೆ, ಹೊಸ ಹುಡುಗರು ಹೊರಗುಳಿಯುತ್ತಾರೆ. ಆದ್ದರಿಂದ ನಿರ್ದುಷ್ಟ ಲಕ್ಷಣ ಇದು: ಯಾರ ಲೆನ್ಸಿನೊಳಗೆ ಬೂಷ್ಟು ಹಿಡಿದಿದೆಯೋ ಅವನೇ ಅಧಿಕಾರಿ. ನೇತ್ರಾವತಿ ದಡದಲ್ಲಿ ಆಟಿಯ ಮಳೆ ತಿಂಗಳು ಕಳೆದ ಯಾಶಿಕಾ ಕ್ಯಾಮೆರಾಗಳಿಗೆಲ್ಲ ಈ ಅರ್ಹತೆ ತಾನಾಗಿ ಬರುತ್ತದೆ. ಕ್ಯಾಮೆರಾವನ್ನು ಅಕ್ಕಿ ಡಬ್ಬದಲ್ಲಿ ಹುಗಿದಿಟ್ಟವರು ಸಹಸದಸ್ಯರು.

ಇಲ್ಲಿ ಪೂರ್ವಪಕ್ಷ: “ವೃತ್ತಿಯವರಿಗೆ ಸೌತ್ ಕೆನರಾ ಫೋಟೋಗ್ರಾಫರ್ಸ್ ಅಸೋಸಿಯೇಷನ್ ಉಂಟು, ಅದಕ್ಕೆ ಬಂಟ್ವಾಳ ವಲಯವೂ ಉಂಟು. ಹವ್ಯಾಸಿಗಳಿಗೆ ಬೆಂಗಳೂರಲ್ಲಿ 1971ರಿಂದ ಯೂತ್ ಫೋಟೋಗ್ರಾಫಿಕ್ ಸೊಸೈಟಿ ಉಂಟು. ಇನ್ನೊಂದು ಯಾಕೆ ಮಾರಾಯ್ರೆ? ಕಲ್ಲಡ್ಕಕ್ಕೆ ಹೋಗಿ ಒಂದೊಂದು ಕೆ.ಟಿ., ಅಂದರೆ ಕಲ್ಲಡ್ಕ ಟೀ, ಕುಡಿದು ಮಾತಾಡಿದರೆ ಸಾಲದೇ?”

ಸಾಲದು. ಕೆ.ಟಿ. ಕುಡಿದವರು ಗ್ಲಾಸು ಖಾಲಿಯಾದೊಡನೆ ಏಳುತ್ತಾರೆ. ಜನರನ್ನು ಹಿಡಿದಿಡುವ ದ್ರವ ಬೇರೆ. ಅದರ ಹೆಸರು ಡಿ-76. ರೀಲು ತೊಳೆಯುವ ಈ ಪುಡಿಯನ್ನು ಒಮ್ಮೆ ಕಲಸಿದರೆ ತುಂಬಿದ ಬಾಟಲಿಯಲ್ಲಿ ಆರು ತಿಂಗಳು ಬಾಳುತ್ತದೆ. ಬಾಟಲಿ ಅರ್ಧವಾಯಿತೋ, ಒಳಗಿನ ಗಾಳಿ ತಾಗಿ ಎರಡೇ ತಿಂಗಳು. ಅಷ್ಟರೊಳಗೆ ಅದನ್ನು ಮುಗಿಸುವಷ್ಟು ರೀಲು ಒಬ್ಬನ ಕೈಯಲ್ಲಿ ಹುಟ್ಟುವುದಿಲ್ಲ. ಮನೆಯ ದನ, ಅತ್ತಿಗೆಯ ಮಗು, ಪಾಣೆಮಂಗಳೂರಿನ ಹಳೆ ಸೇತುವೆ ಎಲ್ಲ ಆದ ಮೇಲೂ ರೀಲಿನ 36 ಫೋಟೋಗಳಲ್ಲಿ ಅರ್ಧಕ್ಕರ್ಧ ಉಳಿದಿರುತ್ತದೆ. ಹಾಗಾಗಿ ನಾಲ್ಕು ಜನ ಸೇರಲೇಬೇಕು. ಸ್ನೇಹ ಅದರ ಉಪೋತ್ಪನ್ನ.

ಕಲಾಪದ ವಿಧಿಯಲ್ಲಿ ಮಾತ್ರ ಕೆಲವು ತೊಡಕು. ದೀಪ ಬೆಳಗಿ ಉದ್ಘಾಟಿಸುವಂತಿಲ್ಲ: ರೀಲನ್ನು ಕತ್ತಲಲ್ಲಿ ಟ್ಯಾಂಕಿಗೆ ಸುತ್ತುವಾಗ ದೀಪ ಬೆಳಗಿದರೆ ಸರ್ವರ ನೆಗೆಟಿವೂ ಕಪ್ಪು. ಸನ್ಮಾನಕ್ಕೆ ತಂದ ಶಾಲನ್ನು ಬಾಗಿಲಡಿಯ ಸಂದಿಗೆ ತುರುಕಬಹುದು. ಶಾಲಿಗೆ ಇದಕ್ಕಿಂತ ಉತ್ತಮ ಉಪಯೋಗ ಈ ತಾಲೂಕಿನಲ್ಲಿ ನಾನು ಕಂಡಿಲ್ಲ. ಅಧ್ಯಕ್ಷರಿಗೆ ಕಾಯುವ ಪದ್ಧತಿಗೂ ಆಸ್ಪದವಿಲ್ಲ. ಡಿ-76 ಕೇಳುವುದು 20 ಡಿಗ್ರಿ. ಬೇಸಗೆಯಲ್ಲಿ ನಮ್ಮ ಮನೆಯ ನೀರಿನ ಟ್ಯಾಂಕಿಯ ನೀರು 30ರ ಆಸುಪಾಸು. ಆ ಬಿಸಿಯಲ್ಲಿ ರೀಲು ಗಡಿಬಿಡಿಯಲ್ಲಿ ತೊಳೆದುಹೋಗಿ, ಫೋಟೋದ ಆಕಾಶದ ತುಂಬ ಪಟ್ಟೆ. ಆದ್ದರಿಂದ ಬಕೆಟಿಗೆ ಐಸ್ ಹಾಕಿ ಬಾಟಲಿ ಇಳಿಸಬೇಕು. ಕರಗುವ ಐಸಿಗೆ ಅಧ್ಯಕ್ಷರ ಪರಿಚಯವಿಲ್ಲ. ಹತ್ತು ಗಂಟೆಗೆಂದು ಅಚ್ಚಾದ ಕಾರ್ಯಕ್ರಮವನ್ನು ಹತ್ತಕ್ಕೇ ಶುರುಮಾಡಿಸುವ ಶಕ್ತಿ ನಮ್ಮ ಜಿಲ್ಲೆಯಲ್ಲಿ ಇದಕ್ಕೊಂದಕ್ಕೇ ಇರುವುದು.

ಬರುವವರು ಕ್ಯಾಮೆರಾ ಮರೆತರೂ ಅಡ್ಡಿಯಿಲ್ಲ, ಐಸ್ ತನ್ನಿ. ಮೀನಿನ ಐಸ್ ಆದರೂ ನಡೆಯುತ್ತದೆ, ಬಾಟಲಿಯ ಹೊರಗೆ ಮಾತ್ರ.